ಡೆಂಟಲ್ ಆದ್ರೂ ಸಿಗ್ಲಿ

ಮೊದಲನೇ ಸಲ ನೀಟ್ ಬರೆದಾಗ ನನಗೆ ಬಂದ ಅಂಕ ಎಷ್ಟು ಅನ್ನುವುದನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಹೇಳುವುದಿಲ್ಲ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರಲ್ಲ, ಫಿಸಿಕ್ಸ್ ಭಾಗವನ್ನು ಮುಟ್ಟದೆ ಸುಮ್ಮನೆ ಕಿಟಕಿ ನೋಡುತ್ತ ಕೂತಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತು. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ನಮ್ಮೂರು ಗುಡ್ನಾಪುರದ ಹತ್ತಿರ. ಅಪ್ಪನಿಗೆ ಬನವಾಸಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ನಾನು ಹುಟ್ಟಿದ ದಿನವೇ ಆತ ಅಂಗಡಿಗೆ ಬಂದವರಿಗೆಲ್ಲ ಪೇಢೆ ಕೊಟ್ಟು, "ಡಾಕ್ಟರ್ ಬಂದಾಳ್ರಿ" ಅಂದಿದ್ದನಂತೆ. ಹದಿನೆಂಟು ವರ್ಷ ಆ ಪೇಢೆಯನ್ನು ಊರಿನವರು ಮರೆತಿರಲಿಲ್ಲ. ಫಲಿತಾಂಶ ಬಂದ ವಾರ ಅಪ್ಪ ಯೂರಿಯಾ ಕೇಳಿದವರಿಗೆ ಡಿಎಪಿ ಕೊಟ್ಟು ಕಳಿಸುತ್ತಿದ್ದ.

ಆಗ ದಾರಿ ತೋರಿಸಿದವನು ಯಲ್ಲಾಪುರದ ಸೋದರಮಾವ. ಹೆದ್ದಾರಿ ಪಕ್ಕ ಲಾರಿ ಗ್ಯಾರೇಜು ಇಟ್ಟುಕೊಂಡವನು. ಯಾವ ಸಮಸ್ಯೆ ಬಂದರೂ ಅವನ ತಲೆ ಓಡುವುದು ಒಂದೇ ದಿಕ್ಕಿಗೆ: ಹೊಸ ಪಾರ್ಟು ಸಿಗದಿದ್ದರೆ ಹಳೆಯದನ್ನೇ ಕೂರಿಸು, ಗಾಡಿ ಓಡಿದರೆ ಸಾಕು. ನಮ್ಮ ಪಡಸಾಲೆಯಲ್ಲಿ ಕೂತು ಚಹಾ ಬಸಿಗೆ ಸುರಿದುಕೊಳ್ಳುತ್ತ ಹೇಳಿದ:

"ಎಂಬಿಬಿಎಸ್ ಆಗ್ಲಿಲ್ಲಂದ್ರ ಬಿಡ್ರಿ. ಇನ್ನೊಂದು ಸಲ ಬರೀಲಿ, ಡೆಂಟಲ್ ಆದ್ರೂ ಸಿಗ್ಲಿ. ಬಾಯಿ ಅನ್ನೂದು ಎಲ್ಲಾರಿಗೂ ಐತಿ."

"ಹಲ್ಲಿನ ಡಾಕ್ಟರ್ ಅಂದ್ರ ಡಾಕ್ಟರ್ ಹೌದಲ್ಲೋ?" ಅಂದಳು ಅವ್ವ, ಅನುಮಾನದಿಂದ.

"ಬೋರ್ಡಿನ ಮ್ಯಾಲೆ ಹಂಗ ಬರೀತಾರ್ರಿ ಅಕ್ಕಾ."

ಅಪ್ಪನಿಗೆ ಅಷ್ಟು ಸಾಕಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಒಂದು ಗುಟ್ಟು ಹೇಳಬೇಕಾಗುತ್ತಿತ್ತು. ನನಗೆ ಹಲ್ಲಿನ ಡಾಕ್ಟರೆಂದರೆ ಹೆದರಿಕೆ. ಏಳು ವರ್ಷದವಳಿದ್ದಾಗ ಒಬ್ಬ ಡಾಕ್ಟರ ಬೆರಳನ್ನು ಕಚ್ಚಿ ಹಿಡಿದಿದ್ದೆ. ಅವರು ಕೂಗಿಕೊಂಡ ಪರಿಗೆ ಹೊರಗೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಮೂರು ಜನ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದರು. ಅದಾದ ಮೇಲೆ ನಾನು ಆ ಕುರ್ಚಿ ಹತ್ತಿರಲಿಲ್ಲ.

ನನ್ನನ್ನು ಶಿರಸಿಯ ಒಂದು ಕೋಚಿಂಗ್ ಸೆಂಟರಿಗೆ ಸೇರಿಸಿದರು. ಬಟ್ಟೆ ಅಂಗಡಿಯ ಮಹಡಿ ಮೇಲಿನ ಎರಡು ಕೋಣೆ. ಕೆಳಗೆ ಸೀರೆ ಬಿಚ್ಚಿ ತೋರಿಸುವವರ ಗಲಾಟೆ, ಮೇಲೆ ನ್ಯೂಟನ್ನನ ನಿಯಮ. ಅಲ್ಲಿ ಒಂದು ವಿಷಯ ತಿಳಿಯಿತು. ಹಲ್ಲಿನ ಡಾಕ್ಟರಾಗಲು ಬರೆಯುವ ಆ ಪರೀಕ್ಷೆಗೆ ಕಪ್ಪೆಯ ಹೃದಯ ಗೊತ್ತಿರಬೇಕು, ಜರೀಗಿಡದ ಸಂಸಾರ ಗೊತ್ತಿರಬೇಕು, ಇಳಿಜಾರಿನಲ್ಲಿ ಉರುಳುವ ಗುಂಡಿನ ವೇಗ ಗೊತ್ತಿರಬೇಕು. ಹಲ್ಲು ಮಾತ್ರ ಗೊತ್ತಿರಬೇಕಾಗಿಲ್ಲ. ಪಚನಕ್ರಿಯೆಯ ಪಾಠದಲ್ಲಿ ಹಲ್ಲಿನ ಬಗ್ಗೆ ಇದ್ದದ್ದೇ ಒಂದು ಪ್ಯಾರಾ. ಅದನ್ನು ನಾನು ಪ್ರೀತಿಯಿಂದ ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಎರಡನೇ ಸಲದ ತಯಾರಿಯ ನಡುವೆ ಸಿಲಬಸ್ ಕಡಿಮೆ ಮಾಡಿದರು, ಇಡೀ ಪಾಠವನ್ನೇ ತೆಗೆದುಹಾಕಿದರು. ಬಯಾಲಜಿ ಮೇಷ್ಟ್ರು ಅದನ್ನು ಓದಿ ಹೇಳಿದಾಗ ಕ್ಲಾಸಿನವರೆಲ್ಲ ಚಪ್ಪಾಳೆ ತಟ್ಟಿದರು. ನಾನೊಬ್ಬಳೇ ಎದ್ದು ನಿಂತು, "ಸರ್, ಹಂಗಾದ್ರ ಹಲ್ಲು?" ಅಂದೆ.

"ಹಲ್ಲು ನಿನ್ನ ಬಾಯಲ್ಲೇ ಅದೆಯಲ್ಲ ಮಾರಾಯ್ತಿ, ಕೂತ್ಕೋ" ಅಂದರು.

ಶಿರಸಿಯಲ್ಲಿ ನಾನಿದ್ದ ಬಾಡಿಗೆ ರೂಮಿನಲ್ಲಿ ನನ್ನ ಜೊತೆಗಿದ್ದವಳು ಸಿದ್ದಾಪುರ ಕಡೆಯ ಹುಡುಗಿ. ಮೂರನೇ ಕ್ಲಾಸಿನಿಂದಲೇ ಎಂಬಿಬಿಎಸ್ ಮಾಡುವುದೆಂದು ತೀರ್ಮಾನಿಸಿದವಳು. ಬೆಳಗಿನ ಐದಕ್ಕೆ ಎದ್ದು, ಮುಖಕ್ಕೂ ನೀರು ಹಾಕಿಕೊಳ್ಳದೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಗಟ್ಟಿಯಾಗಿ ಹೇಳತೊಡಗುತ್ತಿದ್ದಳು. ಶುರುವಿನ ತಿಂಗಳು ಅವಳ ಹವ್ಯಕ ಮಾತು ನನಗೆ ಅರ್ಧ, ನನ್ನದು ಅವಳಿಗೆ ಅರ್ಧ ತಿಳಿಯುತ್ತಿತ್ತು. ನಾನು "ಏನಲೇ" ಅಂದರೆ ಜಗಳಕ್ಕೆ ಬಂದೆನೆಂದು ತಿಳಿಯುತ್ತಿದ್ದಳು. ಅವಳು ಇಲ್ಲ ಅನ್ನಲು "ಇಲ್ಲೆ" ಅಂದರೆ ನಾನು ಇಲ್ಲೇ ಎಲ್ಲೋ ಇದೆ ಅಂದುಕೊಂಡು ಹುಡುಕುತ್ತಿದ್ದೆ. ಸಕ್ಕರೆ ಡಬ್ಬಿಯನ್ನು ಹಾಗೆ ಒಮ್ಮೆ ಹತ್ತು ನಿಮಿಷ ಹುಡುಕಿದ್ದೇನೆ.

ರವಿವಾರ ಊರಿಗೆ ಹೋದರೆ ಬೇರೆಯದೇ ಕಷ್ಟ. ನಾನು ಡೆಂಟಲ್‌ಗೆ ಓದುತ್ತಿದ್ದೇನೆ ಅನ್ನುವುದನ್ನು ಅಜ್ಜಿ ಊರಿಗೆಲ್ಲ ಮೊಮ್ಮಗಳು ಓದಿ ಮುಗಿಸಿದ್ದಾಳೆ ಅಂತ ಸಾರಿಬಿಟ್ಟಿದ್ದಳು. ಜನ ಮನೆಗೆ ಬಂದು ಬಾಯಿ ತೆರೆಯತೊಡಗಿದರು. ಚಹಾ ಕುಡಿಯಲು ಬಂದವರೂ ಹೋಗುವ ಮುಂಚೆ ಒಮ್ಮೆ ಬಾಯಿ ತೆರೆದು ತೋರಿಸಿಯೇ ಹೋಗುತ್ತಿದ್ದರು. ಒಂದು ದಿನ ಅನಾನಸ್ ಬೆಳೆಯುವ ಪಕ್ಕದ ಹೊಲದ ಮುದುಕಪ್ಪ ಬಂದು ಕಟ್ಟೆಯ ಮೇಲೆ ಕೂತ.

"ಇದೊಂದು ಅಲಗಾಡಾಕ ಹತ್ತೈತಿ, ನೋಡವ್ವ."

ನಾನು ಎರಡು ಮಾರು ದೂರ ನಿಂತು ಬಗ್ಗಿ ನೋಡಿದೆ. ಮುಂದಿನ ಒಂದೇ ಒಂದು ಹಲ್ಲು ದಾರದ ತುದಿಯ ಗುಂಡಿಯಂತೆ ತೂಗುತ್ತಿತ್ತು. ಏನಾದರೂ ಹೇಳಲೇಬೇಕಲ್ಲ, ಆ ಕಳೆದುಹೋದ ಪ್ಯಾರಾ ನೆನಪಾಯಿತು. "ಅಜ್ಜಾ, ಮನುಷ್ಯರ ಹಲ್ಲು ದವಡಿಯ ಗೂಡಿನ್ಯಾಗ ಕುಂತಿರ್ತಾವು. ಒಮ್ಮೆ ಬಿದ್ದು ಇನ್ನೊಮ್ಮೆ ಬರ್ತಾವು..."

"ಇನ್ನೊಮ್ಮೆ ಬರ್ತೈತೇನು?" ಅಂದ ಅಜ್ಜ, ಆಸೆಯಿಂದ.

"ನಿಮಗಲ್ಲ."

"ಹಂಗಾದ್ರ ಯಾಕ ಇಟ್ಕೊಳ್ಳೂದು" ಅಂದವನೇ ಎರಡು ಬೆರಳು ಬಾಯಿಗೆ ಹಾಕಿ, ಟಕ್ಕನೆ ಕಿತ್ತು, ನನ್ನನ್ನು ಹತ್ತಿರ ಕರೆದು ಅಂಗೈ ಮೇಲಿಟ್ಟ. "ತಗೋ, ನಿನಗ ಓದಾಕ ಬೇಕಾಕ್ಕೈತಿ."

ಬೆಚ್ಚಗಿತ್ತು ಅದು. ನಾನು ಕಟ್ಟೆ ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕೂತೆ. ಅಜ್ಜ ಬಾಯಿ ಮುಕ್ಕಳಿಸಿ ಎದ್ದು ಹೊಲಕ್ಕೆ ಹೋದ. ನನಗೆ ನೀರು ಕುಡಿಸಿದ್ದು ಅವ್ವ.

ಪರೀಕ್ಷೆಗೆ ಏಳೆಂಟು ವಾರ ಇರುವಾಗ ನನ್ನ ಎಡಗಡೆಯ ಕೆಳದವಡೆಯ ಕೊನೆಯಲ್ಲಿ ನೋವು ಶುರುವಾಯಿತು. ಮೊದಲು ಲವಂಗ ಕಚ್ಚಿ ಹಿಡಿದೆ. ಆಮೇಲೆ ಉಪ್ಪುನೀರು. ಕೆಮಿಸ್ಟ್ರಿ ಕ್ಲಾಸಿನಲ್ಲಿ ಕೆನ್ನೆಗೆ ಕೈಕೊಟ್ಟು ಕೂತರೆ ಮೇಷ್ಟ್ರು, "ಎಷ್ಟು ಏಕಾಗ್ರತೆ ನೋಡಿ" ಅಂದರು. ಐದನೇ ದಿನ ಕೆನ್ನೆ ಊದಿ ಒಂದು ಕಣ್ಣು ಸಣ್ಣದಾಯಿತು, ಬಾಯಿ ಒಂದು ಬೆರಳಿಗಿಂತ ಹೆಚ್ಚು ತೆರೆಯದಾಯಿತು.

"ಎಂತದೇ ಅದು? ಡಾಕ್ಟರ ಹತ್ರ ಹೋಪನ ಬಾ" ಅಂದಳು ನನ್ನ ರೂಮಿನವಳು.

ನಾನು ತಲೆ ಅಲ್ಲಾಡಿಸಿದೆ. ಅವಳು ಪುಸ್ತಕ ಮುಚ್ಚಿ ನನ್ನನ್ನೇ ನೋಡಿದಳು. ಅವಳು ಪುಸ್ತಕ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಹೆದ್ರಿಕೆನ?" ಅಂದಳು. ನಾನು ಗುಟ್ಟು ಬಿಟ್ಟುಕೊಟ್ಟೆ, ಬಾಯಿ ತೆರೆಯದ್ದರಿಂದ ಅರ್ಧ ಹೇಳಿ ಅರ್ಧ ಬರೆದು. ಓದಿ ಅವಳು ಹಾಸಿಗೆ ಮೇಲೆ ಬಿದ್ದು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ನನ್ನ ರಟ್ಟೆ ಹಿಡಿದು ಎಬ್ಬಿಸಿ, "ಆನೂ ಬತ್ತೆ, ನಡಿ" ಅಂದು ಬೀದಿಯುದ್ದಕ್ಕೂ ಎಳೆದುಕೊಂಡೇ ಹೋದಳು.

ಡಾಕ್ಟರು ಐವತ್ತರ ಹತ್ತಿರದ ಹೆಂಗಸು, ಕನ್ನಡಕ ಹಣೆಯ ಮೇಲಿತ್ತು. ಸಾಧ್ಯವಾದಷ್ಟು ಬಾಯಿ ತೆರೆಸಿ ದೀಪ ಹಾಕಿ ನೋಡಿ, "ಬುದ್ಧಿ ಹಲ್ಲು. ಅಡ್ಡ ಬರ್ತಾ ಇದೆ, ಜಾಗ ಇಲ್ಲ" ಅಂದರು. ಹಿಂದಿನ ವರ್ಷದ ಅಂಕ ನೋಡಿದವರು ಯಾರೂ ನನ್ನಲ್ಲಿ ಬುದ್ಧಿ ಬರುತ್ತಿದೆ ಅಂತ ನಂಬುತ್ತಿರಲಿಲ್ಲ. ಅಡ್ಡ ಬರುತ್ತಿದೆ ಅಂದರೆ ನಂಬುತ್ತಿದ್ದರು.

"ಎಂತ ಓದ್ತಾ ಇದ್ದೀಯ?"

ನಾನು ಉತ್ತರಿಸುವ ಮೊದಲೇ ಬಾಗಿಲ ಬಳಿ ನಿಂತಿದ್ದವಳು ಹೇಳಿಬಿಟ್ಟಳು: "ಡೆಂಟಲ್‌ಗೆ ನೀಟ್ ಬರೀತ್ಲು ಮೇಡಂ. ನಿಮ್ಮನ್ನ ಕಂಡ್ರೆ ಹೆದ್ರಿಕೆ."

ಡಾಕ್ಟರು ನಗಲಿಲ್ಲ. ಊತ ಇಳಿಯಲಿ ಅಂತ ಗುಳಿಗೆ ಬರೆದುಕೊಟ್ಟರು, ಮುಂದಿನ ವಾರ ಬಾ ಅಂದರು. ಹೋಗದೆ ಇರಲು ನಾನು ಹುಡುಕಿದ ನೆಪಗಳನ್ನೆಲ್ಲ ರೂಮಿನವಳು ಒಂದೊಂದಾಗಿ ಕೊಂದಳು. ಎರಡನೇ ಸಲ ಆ ಕುರ್ಚಿಯಲ್ಲಿ ಒರಗಿದಾಗ ಡಾಕ್ಟರು ಸೂಜಿ ತೆಗೆಯುವ ಮೊದಲು ಕೇಳಿದರು, "ಡೆಂಟಲ್ ಯಾಕೆ?"

"ಎಂಬಿಬಿಎಸ್ ಸಿಗೂದಿಲ್ಲರಿ, ಅದಕ್ಕ."

"ಸರಿ, ಸುಳ್ಳು ಹೇಳ್ಲಿಲ್ಲ. ನಾನೂ ಹಾಗೇ ಬಂದವಳು." ಕೈಗವಸು ಏರಿಸಿಕೊಂಡರು. "ಎರಡು ವರ್ಷ ಮುಖ ಗಂಟು ಹಾಕ್ಕೊಂಡೇ ಓದಿದೆ. ಇನ್ನೊಂದು ಹೇಳ್ಲಾ? ನನ್ನದೂ ಒಂದು ಹಲ್ಲು ಹಾಳಾಗಿ ಮೂರು ವರ್ಷ ಆಯ್ತು. ತೋರಿಸೋಕೆ ಹೆದರಿಕೆ. ಈಗ ಏನೇನು ಮಾಡ್ತೀನಿ ಅಂತ ಮೊದಲೇ ಹೇಳ್ತೀನಿ, ಕೇಳ್ಕೋ. ಬೆರಳು ಕಚ್ಚಬೇಡ."

ಕಚ್ಚಿದ ಸಂಗತಿಯನ್ನೂ ರೂಮಿನವಳು ಹೇಳಿಬಿಟ್ಟಿದ್ದಳು!

ಅವರು ಹೇಳಿದ ಹಾಗೇ ಎಲ್ಲ ಆಯಿತು. ಚುಚ್ಚುತ್ತದೆ ಅಂದರು, ಚುಚ್ಚಿತು. ಅರ್ಧ ನಾಲಿಗೆ ನಿನ್ನದಲ್ಲ ಅನಿಸುತ್ತದೆ ಅಂದರು, ಅನಿಸಿತು. ಒತ್ತಿದ್ದು ತಿಳಿಯುತ್ತದೆ, ನೋವು ತಿಳಿಯುವುದಿಲ್ಲ ಅಂದರು, ಅದೂ ನಿಜ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಹೊಲಿಗೆ ಬಿಚ್ಚಲು ಹೋದ ದಿನ, ಬೇಕಾದರೆ ಶನಿವಾರ ಸಂಜೆ ಒಂದು ಗಂಟೆ ಬಂದು ಮೂಲೆಯಲ್ಲಿ ಕೂತು ನೋಡು, ಆಗದಿದ್ದರೆ ಈಗಲೇ ಬೇರೆ ಏನಾದರೂ ಓದಬಹುದು ಅಂದರು.

ಹೋದೆ. ಮೊದಲ ಶನಿವಾರ ಬರೀ ನೆಲ ನೋಡಿದೆ. ಎರಡನೇ ಶನಿವಾರ ಯಲ್ಲಾಪುರ ಕಡೆಯಿಂದ ಒಬ್ಬ ಲಾರಿ ಡ್ರೈವರ್ ಬಂದ. ಬಾಗಿಲು ತುಂಬುವ ಆಳು, ಹುರಿ ಮೀಸೆ. ಘಟ್ಟದ ತಿರುವಿನಲ್ಲಿ ಮರದ ನಾಟಾ ತುಂಬಿದ ಲಾರಿ ಇಳಿಸುವವನು ಸೂಜಿ ಕಂಡು ಕುರ್ಚಿಯ ಕೈ ಹಿಡಿದು ಬೆವರತೊಡಗಿದ. "ಆಮೇಲ ಬರ್ತೀನ್ರೀ" ಅಂತ ಏಳಲು ನೋಡಿದ. ನನಗೇ ಗೊತ್ತಿಲ್ಲದ ಹಾಗೆ ಎದ್ದು ಹೋಗಿ ಹೇಳಿದೆ:

"ಅಣ್ಣಾರ, ನಾನೂ ಇಲ್ಲೇ ಕುಂತಿದ್ದೆ, ಹದಿನೈದು ದಿನದ ಹಿಂದ. ಇರುವಿ ಕಚ್ಚಿದಷ್ಟು. ಆಮೇಲೆ ತುಟಿ ದಪ್ಪಾದಂಗ ಅನಸ್ತೈತಿ, ಆದ್ರ ಆಗಿರೂದಿಲ್ಲ. ಕನ್ನಡಿ ನೋಡ್ಕೋಬ್ಯಾಡ್ರಿ, ಅಷ್ಟೆ."

ಅವನು ನನ್ನ ಕೈ ಹಿಡಿದುಕೊಂಡ. ಹಲ್ಲು ಹೊರಗೆ ಬರುವ ತನಕ ಬಿಡಲಿಲ್ಲ, ನನ್ನ ಬೆರಳುಗಳು ಮರುದಿನವೂ ನೋಯುತ್ತಿದ್ದವು. ಆದರೆ ಆವತ್ತು ಹಲ್ಲು ಹೊರಗೆ ಬರುವುದನ್ನು ನಾನು ಕಣ್ಣು ಮುಚ್ಚದೆ ನೋಡಿದೆ. ಬೇರಿನ ಸಮೇತ ಬಂತು. ಚೆಂದ ಇತ್ತು. ಹಾಗೆ ಅನಿಸಿದ್ದಕ್ಕೆ ನನಗೇ ಗಾಬರಿಯಾಯಿತು.

ಪರೀಕ್ಷೆಯ ಸೆಂಟರು ಹುಬ್ಬಳ್ಳಿಯಲ್ಲಿ ಬಿತ್ತು. ಅಪ್ಪ ಅಂಗಡಿ ಬಾಗಿಲು ಹಾಕಿ ಜೊತೆಗೆ ಬಂದ. ಗೇಟಿನಲ್ಲಿ ತಪಾಸಣೆ ಮಾಡುವ ಹೆಂಗಸು ನನ್ನ ಮೂಗುಬೊಟ್ಟು ತೆಗೆ ಅಂದಳು. ಅದು ಅಜ್ಜಿ ಅಕ್ಕಸಾಲಿಯ ಹತ್ತಿರ ಹಾಕಿಸಿದ್ದು, ತಿರುಗಣಿ ತುಕ್ಕು ಹಿಡಿದ ನಟ್ಟಿನಂತೆ ಕೂತುಬಿಟ್ಟಿತ್ತು. ನಾನು ತಿರುವಿದೆ, ಅಪ್ಪ ತಿರುವಿದ, ಗೇಟು ಮುಚ್ಚಲು ಇಪ್ಪತ್ತು ನಿಮಿಷ ಉಳಿಯಿತು. ಅಲ್ಲೇ ಮಗನನ್ನು ಒಳಗೆ ಕಳಿಸಿ ರೊಟ್ಟಿ ಬುತ್ತಿ ಬಿಚ್ಚಿದ್ದ ಒಬ್ಬ ತಾಯಿ ಎದ್ದು ಬಂದು, "ಸರೀರಿ ಯಜಮಾನ್ರ" ಅಂದು ಅಪ್ಪನನ್ನು ಪಕ್ಕಕ್ಕೆ ತಳ್ಳಿ, ಬುತ್ತಿಯಲ್ಲಿದ್ದ ಶೇಂಗಾ ಚಟ್ನಿಯ ಎಣ್ಣೆಯನ್ನು ಬೆರಳಲ್ಲಿ ಅದ್ದಿ ಮೂಗಿಗೆ ಹಚ್ಚಿ ಎರಡೇ ತಿರುವಿಗೆ ತೆಗೆದಳು. ಇಡೀ ಪರೀಕ್ಷೆಯನ್ನು ನಾನು ಬೆಳ್ಳುಳ್ಳಿ ಮತ್ತು ಒಣಮೆಣಸಿನಕಾಯಿಯ ವಾಸನೆಯಲ್ಲಿ ಬರೆದೆ. ಮೂಗು ಉರಿಯುತ್ತಿದ್ದುದರಿಂದ ಫಿಸಿಕ್ಸ್ ನೋಡಿ ಬಂದ ಕಣ್ಣೀರನ್ನು ಯಾರೂ ಗಮನಿಸಲಿಲ್ಲ. ಈ ಸಲ ಗೊತ್ತಿಲ್ಲದ್ದನ್ನು ಮುಟ್ಟಲಿಲ್ಲ.

ಸೀಟು ಹಂಚುವ ಕೊನೆಯ ಸುತ್ತಿನ ದಿನ ನಾನು ಯಲ್ಲಾಪುರದಲ್ಲಿದ್ದೆ, ಮಾವನ ಗ್ಯಾರೇಜಿನಲ್ಲಿ, ಟಯರಿನ ಮೇಲೆ ಕೂತು. ಫೋನಿನಲ್ಲಿ ನನ್ನ ಹೆಸರಿನ ಮುಂದೆ ಒಂದು ಡೆಂಟಲ್ ಕಾಲೇಜು ಬಂತು. ಮಾವ ಲಾರಿಯ ಕೆಳಗಿನಿಂದಲೇ, "ಸಿಕ್ತೇನು?" ಅಂದ. ಹೌದು ಅಂದೆ. ಗ್ರೀಸ್ ಕೈಯಲ್ಲೇ ನನ್ನ ತಲೆ ಸವರಿದ. ಕೂದಲು ತೊಳೆಯಲು ಎರಡು ದಿನ ಹಿಡಿಯಿತು. ಅಪ್ಪನಿಗೆ ಫೋನ್ ಮಾಡಿದರೆ ಆತ ಮೊದಲು ಅಂಗಡಿಯಲ್ಲಿದ್ದವರಿಗೆಲ್ಲ ಕೂಗಿ ಹೇಳಿದ. ಆಮೇಲೆ, "ಪೇಢೆ ಅಲ್ಲ, ಈ ಸಲ ಖಾರಾ ಹಂಚ್ತೀನಿ, ಹಲ್ಲಿಗೆ ಛಲೋ" ಅಂದ.

ನನ್ನ ರೂಮಿನವಳಿಗೆ ಸೀಟು ಸಿಗಲಿಲ್ಲ. ನನಗಿಂತ ಎಷ್ಟೋ ಹೆಚ್ಚು ಅಂಕ ಬಂದಿತ್ತು. ಆದರೆ ಅವಳು ಬೇಕಾದ ಕೋರ್ಸುಗಳ ಪಟ್ಟಿಯಲ್ಲಿ ಎಂಬಿಬಿಎಸ್ ಬಿಟ್ಟು ಬೇರೇನನ್ನೂ ಬರೆದಿರಲಿಲ್ಲ. ಕಾಲೇಜಿಗೆ ಹೊರಡುವ ಮುಂಚೆ ಅವಳನ್ನು ನೋಡಲು ಸಿದ್ದಾಪುರಕ್ಕೆ ಹೋದೆ. ಬಸ್ಸಿನಲ್ಲಿ ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿ, ಇಳಿಯುವಾಗ ಎಲ್ಲ ಮರೆತಿದ್ದೆ. ಅವಳು ಬಸ್‌ಸ್ಟ್ಯಾಂಡಿನಲ್ಲಿ ಸ್ಕೂಟಿ ಮೇಲೆ ಕೂತು, ಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದಳು. ಹೋಟೆಲಿನಲ್ಲಿ ಬನ್ಸ್ ತಿಂದೆವು. ಇಬ್ಬರೂ ಬನ್ಸಿನ ಬಗ್ಗೆಯೇ ಮಾತಾಡಿದೆವು. ಕೊನೆಗೆ ನಾನು, "ನಿನಗ ಸಿಗಬೇಕಿತ್ತಲೇ" ಅಂದೆ.

ಅವಳು ಮೇಜಿನ ಮೇಲೆ ಬೆರಳಲ್ಲಿ ನೀರಿನ ಗೆರೆ ಎಳೆದಳು. ಆಮೇಲೆ ತಲೆ ಎತ್ತಿ, "ಯೋಚನೆ ಮಾಡು, ನಿಂಗೆ ಇನ್ನು ಜೀವಮಾನದಲ್ಲಿ ಫಿಸಿಕ್ಸ್ ಇಲ್ಲೆ!" ಅಂದಳು.

ಅಷ್ಟು ದಿನ ನನಗೆ ಅದು ಹೊಳೆದೇ ಇರಲಿಲ್ಲ. ಸೀಟು ಸಿಕ್ಕ ದಿನ ಬಾರದ ನಗು ಆಗ ಬಂತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅವಳೂ ನಕ್ಕಳು, ಹಾಸಿಗೆ ಮೇಲೆ ಬಿದ್ದು ನಕ್ಕಷ್ಟಲ್ಲ, ಆದರೂ ನಕ್ಕಳು. ಆಮೇಲೆ ಕೈ ತೊಳೆದುಕೊಂಡು, ಸಂಜೆ ಮತ್ತೆ ನೀಟ್ ತಯಾರಿಯ ಟೆಸ್ಟ್ ಇದೆ ಅಂತ ಹೊರಟುಬಿಟ್ಟಳು. ನಾನು ಶಿರಸಿ ಬಸ್ಸಿಗೆ ಕಾಯುತ್ತ, ಇನ್ನೊಂದು ಬನ್ಸ್ ತರಿಸಿ ತಿಂದೆ.