ಅಮಾವಾಸ್ಯೆಯವರೆಗೆ ಕಾದ ಮಾತು

ಡಬ್, ಡಬ್, ಡಬ್. ಬೆಳಿಗ್ಗೆ ಆರು ಗಂಟೆಗೆ ಕಾಂಪೌಂಡಿನ ಆಚೆ ಕಾಲೇಜಿನ ಸಿಮೆಂಟ್ ಕೋರ್ಟಿನ ಮೇಲೆ ಒಂದೇ ಚೆಂಡು ಪುಟಿಯುವ ಸದ್ದು. ಆಮೇಲೆ ಒಂದು ಗಳಿಗೆ ಏನೂ ಇಲ್ಲ, ಆಮೇಲೆ ಕಬ್ಬಿಣದ ರಿಂಗಿಗೆ ತಾಗಿದ ಠಣ್. ಠಣ್ ಕೇಳಿಸದಿದ್ದರೆ ಬಾಸ್ಕೆಟ್ ಬಿತ್ತು ಎಂದು ಲೆಕ್ಕ. ಆರ್.ಎಸ್. ಪುರಂನ ನನ್ನ ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುವವರೆಗೆ ನಾನು ಅದನ್ನೇ ಕೇಳುತ್ತಾ ನಿಂತಿರುತ್ತಿದ್ದೆ.

ಆ ಕಾಲೇಜಿನಲ್ಲೇ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು ನಾನು. ಯಜಮಾನರು ಹೋದ ಮೇಲೆ, ಟು ಬಿ ಫ್ರ್ಯಾಂಕ್, ಸಂಜೆಯವರೆಗೆ ಬಾಯಿ ತೆರೆಯದ ದಿನಗಳೂ ಇದ್ದವು. ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ಕೋಚ್ ನನ್ನ ಹಳೆಯ ಸ್ಟೂಡೆಂಟ್. ಒಂದು ದಿನ ಗೇಟಿನ ಹತ್ತಿರ ನಿಂತು, ಈ ಸೀಸನ್ ಸ್ಕೋರ್‌ಶೀಟ್ ಬರೆಯಲು ಬರುತ್ತೀರಾ ಮಿಸ್ ಎಂದು ಕೇಳಿದಳು. ಅವಳಿಗೆ ಬೇಕಾಗಿದ್ದುದು ನನ್ನ ಕಾನ್ವೆಂಟ್ ಹ್ಯಾಂಡ್‌ರೈಟಿಂಗ್. ಆಟದ ಗಂಧವೇ ನನಗಿರಲಿಲ್ಲ. ನಮ್ಮ ಕಾಲದಲ್ಲಿ ಸಿಸ್ಟರ್‌ಗಳು ಹುಡುಗಿಯರನ್ನು ಓಡಲು ಬಿಡುತ್ತಿದ್ದುದು ಫೈರ್ ಡ್ರಿಲ್ ಇದ್ದಾಗ ಮಾತ್ರ. ಆದರೂ ಒಪ್ಪಿಕೊಂಡೆ, ಕನ್ನಡಕ ಒರೆಸಿಕೊಂಡು ರೂಲ್ಸ್ ಕಲಿತೆ.

ಹನ್ನೊಂದು ಹುಡುಗಿಯರು ನನ್ನನ್ನು ತಮಿಳಿನಲ್ಲಿ ಪಾಟಿ ಎಂದು ಕರೆದರು. ಒಬ್ಬಳು ಮಾತ್ರ ಅಜ್ಜಿ ಎಂದಳು. ಅವಳು ಕರುಮತ್ತಂಪಟ್ಟಿಯ ನೇಕಾರರ ಮಗಳು, ತಂಡದ ಕ್ಯಾಪ್ಟನ್. ಕನ್ನಡದ ಒಂದು ಅಕ್ಷರವೂ ಓದಲು ಬಾರದು, ಮನೆಮಾತು ಮಾತ್ರ ನನ್ನ ಹಾಗೆ ಕನ್ನಡ. ನಾವಿಬ್ಬರೂ ಮಾತಾಡಿದರೆ ಉಳಿದವರು ನಮ್ಮನ್ನು ಸ್ಪೈಗಳು ಎನ್ನುತ್ತಿದ್ದರು.

ಸೀಸನ್ ಅರ್ಧಕ್ಕೆ ಬರುವಾಗ ಅವಳಿಗೆ ರಾಜ್ಯ ತಂಡದ ಸೆಲೆಕ್ಷನ್ ಕ್ಯಾಂಪಿನಿಂದ ಕರೆ ಬಂತು. ಮೂರು ವಾರ ಚೆನ್ನೈಯಲ್ಲಿ. ಅಪ್ಪನ ಸಹಿ ಬೇಕು. ಅಪ್ಪ ಹೇಳಿದ್ದು ಒಂದೇ ಮಾತಂತೆ: ಈ ಸೀಸನ್ ಮುಗಿದರೆ ಆಟವೂ ಮುಗಿಯಿತು, ಆಮೇಲೆ ಕಾಲೇಜು ಬಿಟ್ಟ ಕೂಡಲೇ ಮನೆಗೆ ಬಂದು ಮಗ್ಗ ನೋಡಬೇಕು. ಮಿಸ್, ನಿಮಗೆ ಅವರ ಭಾಷೆ ಬರುತ್ತದೆ, ನೀವೇ ಹೋಗಿ ಮಾತಾಡಿ ಎಂದು ಕೋಚ್ ನನ್ನನ್ನು ಕಳಿಸಿದಳು.

ಹೋದೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಆರು ಪವರ್‌ಲೂಮ್ ಒಟ್ಟಿಗೆ ಓಡುತ್ತಿದ್ದವು. ಹುಡುಗಿಯ ಅಪ್ಪ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಾ ಕಡಿದ ನೂಲು ಕಟ್ಟುತ್ತಿದ್ದರು. ನಾನು ಹಿಂದೆ ಹಿಂದೆ ಹೋಗುತ್ತಾ, ಗಂಟಲು ಹರಿಯುವಂತೆ, ಹೆಣ್ಣುಮಕ್ಕಳ ಫ್ಯೂಚರ್, ಟ್ಯಾಲೆಂಟ್, ಆಪರ್ಚುನಿಟಿ ಎಂದು ಕಾಲು ಗಂಟೆ ಭಾಷಣ ಮಾಡಿದೆ. ಪ್ರತಿ ವಾಕ್ಯಕ್ಕೂ ಅವರು ನಗುತ್ತಾ ತಲೆಯಾಡಿಸಿದರು. ನಾನು ವಾಪಸ್ಸು ಬಂದು, ಹಿ ಹ್ಯಾಸ್ ಅಗ್ರೀಡ್ ಎಂದು ಅನೌನ್ಸ್ ಮಾಡಿದೆ. ಕೋಚ್ ಮೈಸೂರುಪಾಕು ತರಿಸಿದಳು. ಕ್ಯಾಪ್ಟನ್ ಒಬ್ಬಳು ತಿನ್ನಲಿಲ್ಲ.

"ಅಪ್ಪ ಬಾಯಲ್ಲಿ ಏನಾದ್ರೂ ಅಂದ್ರಾ ಅಜ್ಜಿ?"

ತಲೆಯಾಡಿಸಿದರು ಎಂದೆ.

"ತರಿ ಓಡೋವಾಗ ಎಲ್ಲಾರ್ಗೂ ತಲೆ ಆಡುಸ್ತಾರೆ. ವೋಟು ಕೇಳಕ್ಕೆ ಬಂದ್ರೆ ಎಲ್ಲಾ ಪಾರ್ಟಿಗೂ ಆಡುಸ್ತಾರೆ. ಅಲ್ಲಿ ಯಾರ್ಗೆ ಏನು ಕೇಳುತ್ತೆ? ಅಮಾಸೆ ದಿನ ಓಗಿ. ಅವತ್ತು ನಮ್ಮ ಮನೇಲಿ ತರಿ ನಿಲ್ಲುತ್ತೆ."

ಮಗ್ಗಕ್ಕೆ ಅವರು ತರಿ ಎನ್ನುತ್ತಾರೆ. ಹುಟ್ಟಿದಾಗಿನಿಂದ ಈ ಜಿಲ್ಲೆಯಲ್ಲೇ ಇದ್ದೇನೆ. ಅಮಾವಾಸ್ಯೆಯಂದು ಮಗ್ಗ ನಿಲ್ಲಿಸಿ ಪೂಜೆ ಮಾಡುವ ಮನೆಗಳಿವೆ ಎಂದು ನನಗೆ ಗೊತ್ತಾದದ್ದು ಆವತ್ತು. ಅಷ್ಟು ಓದಿ ಏನು ಬಂತು!

ಹತ್ತು ದಿನ ಕಾದೆ. ಆ ಅಮಾವಾಸ್ಯೆಯ ಸಂಜೆಯೇ ತಿರುಪ್ಪೂರಿನಲ್ಲಿ ನಮ್ಮ ಮ್ಯಾಚ್ ಇತ್ತು. ಮಧ್ಯಾಹ್ನ ಕಾರು ಮಾಡಿಕೊಂಡು ಅವರ ಮನೆಗೆ ಹೋದೆ. ಮಗ್ಗಗಳಿಗೆ ಕುಂಕುಮ ಇಟ್ಟಿತ್ತು. ಅವರು ಜಗಲಿಯ ಮೇಲೆ ಕೂತಿದ್ದರು.

"ಅವತ್ತು ನೀವು ಇನ್ಶೂರೆನ್ಸ್‌ಗೆ ಬಂದಿದ್ದೀರಿ ಅಂದ್ಕಂಡೆ, ಟೀಚರಮ್ಮ," ಎಂದರು.

ಈ ಸಲ ಮೆಲ್ಲಗೆ, ಇಂಗ್ಲಿಷಿಲ್ಲದೆ ಹೇಳಿದೆ. ಕೇಳಿದರು. ಹೆಂಡತಿಗೆ ಕಣ್ಣು ಮಂಜಾಗಿ ಸಣ್ಣ ನೂಲು ಕಾಣುವುದಿಲ್ಲ, ಮಗಳು ಸಂಜೆ ನಾಲ್ಕು ಮಗ್ಗ ನೋಡಿಕೊಂಡರೇ ತಾನು ಒಂದು ಗಳಿಗೆ ಬೆನ್ನು ನೆಲಕ್ಕೆ ಹಾಕುವುದು ಎಂದರು. ಅದರಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಅವಳು ಆಡುವುದನ್ನು ನೋಡಿದ್ದೀರಾ ಎಂದಷ್ಟೇ ಕೇಳಿದೆ. ಇಲ್ಲ ಎಂದರು. ಇವತ್ತು ಮಗ್ಗ ನಿಂತಿದೆಯಲ್ಲ ಎಂದೆ. ಅವರು ಎದ್ದು ಒಳಗೆ ಹೋಗಿ ಬಿಳಿ ಶರ್ಟ್ ಹಾಕಿಕೊಂಡು ಬಂದರು.

ಸ್ಕೋರರ್ ಟೇಬಲ್ ಪಕ್ಕ ಹೊರಗಿನವರು ಕೂರುವಂತಿಲ್ಲ. ನಾನು ಅವರಿಗೆ ಅಲ್ಲೇ ಒಂದು ಕುರ್ಚಿ ಹಾಕಿಸಿದೆ. ರೆಫರಿ ನನ್ನ ತಲೆಯ ಬಿಳಿ ಕೂದಲು ನೋಡಿ ಸುಮ್ಮನಾದ. ಮೊದಲು ಅವರು ಎಲ್ಲರಂತೆ ಚೆಂಡನ್ನೇ ನೋಡುತ್ತಿದ್ದರು. ಮೂರನೇ ಕ್ವಾರ್ಟರಿನಲ್ಲಿ ನೋಡಿದರೆ ಅವರ ಕಣ್ಣು ಚೆಂಡಿನ ಮೇಲಿಲ್ಲ, ಮಗಳ ಮುಖದ ಮೇಲಿದೆ. ಅವಳು ಎಡಗಡೆ ನೋಡುತ್ತಾ ಬಲಗಡೆಯವಳಿಗೆ ಪಾಸ್ ಕೊಟ್ಟಳು. ಆ ಹುಡುಗಿಯ ಹತ್ತಿರ ಯಾರೂ ಇರಲಿಲ್ಲ.

"ಒಂದು ತರಿ ಮುಂದೆ ನಿಂತು ನೂಲು ಕಟ್ತಿದ್ರೂ ಮಿಕ್ಕ ಮೂರ ಮೇಲೆ ಕಣ್ಣಿರಬೇಕು," ಎಂದರು, ನನ್ನ ಕಡೆ ತಿರುಗದೆ. "ಇಲ್ಲೂ ಅದೇ ಮಾಡ್ತಾವ್ಳೆ. ನಾನು ಕಲಿಸಿದ್ದು."

ಆ ಮಾತು ಕೇಳುತ್ತಾ ನಾನು ನಮ್ಮವರದೇ ಒಂದು ಬಾಸ್ಕೆಟ್ ಬರೆಯಲು ಮರೆತೆ. ಎದುರಾಳಿ ಕಾಲೇಜಿನವರು ಸ್ಪೋರ್ಟ್ಸ್‌ಮನ್‌ಶಿಪ್ ತೋರಿಸಿ ಅವರಾಗಿಯೇ ನೆನಪಿಸಿದರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ. ನಾವು ಮೂರು ಪಾಯಿಂಟಿನಿಂದ ಸೋತೆವು.

ಅಪ್ಪ, ಮಗಳು ಇಬ್ಬರೂ ನನ್ನ ಕಾರಿನಲ್ಲೇ ವಾಪಸ್ಸು ಹೊರಟರು. ಅವಿನಾಶಿ ಊರು ದಾಟಿದ ಮೇಲೆ ಅಪ್ಪ, ಆ ಫಾರಂ ಎಲ್ಲಿದೆ ಎಂದು ಕೇಳಿದರು. ನನ್ನ ಪೆನ್ನಿನಲ್ಲೇ ತಮಿಳಿನಲ್ಲಿ ಸಹಿ ಮಾಡಿದರು. ಅಮ್ಮನಿಗೆ ಕಣ್ಣು ಕಾಣುವುದಿಲ್ಲವಲ್ಲ ಅಪ್ಪ ಎಂದಳು ಹುಡುಗಿ, ಫಾರಂ ತೆಗೆದುಕೊಳ್ಳದೆ.

"ಎರಡು ತರಿ ಮೂರು ವಾರ ನಿಂತ್ರೆ ನಿಲ್ಲಲಿ," ಎಂದರು. "ನೀನು ಓಗು."

ಆ ವರ್ಷ ಅವಳು ಸೆಲೆಕ್ಟ್ ಆಗಲಿಲ್ಲ. ವಾಪಸ್ಸು ಬಂದು ಎರಡು ದಿನ ಅತ್ತಳು. ಮರುವರ್ಷ ಮತ್ತೆ ಕರೆ ಬಂದಾಗ ಅವರು ಯಾರೂ ಹೇಳದೆಯೇ ಸಹಿ ಹಾಕಿದರು. ಆ ಸಲ ಆಯ್ಕೆಯಾದಳು. ಈ ವಯಸ್ಸಿನಲ್ಲಿ ನನಗೆ ಒಂದು ಟೇಬಲ್, ಒಂದು ಪೆನ್ನು, ಹನ್ನೆರಡು ಮೊಮ್ಮಕ್ಕಳು ಸಿಕ್ಕಿದರು. ಇದಕ್ಕೆ ಯಾರಿಗೆ ಥ್ಯಾಂಕ್ಸ್ ಹೇಳಬೇಕೆಂದು ತಿಳಿಯದೆ ಕೋಚ್‌ಗೇ ಹೇಳಿದೆ. ಪುಣ್ಯಾತ್ಗಿತ್ತಿ, ಮುಂದಿನ ಸೀಸನ್ನಿನ ಶೀಟುಗಳನ್ನು ಕೈಗಿಟ್ಟಳು.

ಹುಡುಗಿಯನ್ನು ನಾನು ಕೊನೆಯ ಸಲ ನೋಡಿದ್ದು ಕಳೆದ ಜೂನಿನಲ್ಲಿ. ರಾಜ್ಯ ತಂಡ ಸೇರಲು ಚೆನ್ನೈಗೆ ರೈಲು ಹಿಡಿಯುವ ಮುಂಚೆ ಗೇಟಿನ ಹತ್ತಿರ ಬಂದಿದ್ದಳು. ಟೈಮಿಲ್ಲ ಎಂದು ಒಳಗೆ ಬರಲಿಲ್ಲ, ಶೂ ಬಿಚ್ಚಿ ಕಾಲಿಗೆ ಮಾತ್ರ ನಮಸ್ಕರಿಸಿದಳು. ಅಪ್ಪ ಮೊಪೆಡ್ ಆಫ್ ಮಾಡದೆ ನಿಂತಿದ್ದರು. ಅವಳು ದೊಡ್ಡ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂತಳು. ಹೆಲ್ಮೆಟ್ ಹಾಕಿಕೋ ಎಂದೆ. ಹಾಕಿಕೊಂಡಳು.