ಸೊಣ್ಣಮ್ಮ ಕೈಯಿಟ್ಟು ತೋರಿಸಿದ್ದು

ಮಾದನಾಯಕನಹಳ್ಳಿಯ ಸೊಣ್ಣಮ್ಮ ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿದಳು. ದಿನಾ ಏಳುನೂರು ಜನರ ಅನ್ನ, ಸಾಂಬಾರು. ಅವಳ ಬಾಯಿ ಸ್ವಲ್ಪ ಜೋರು, ಆದರೆ ಸಾಂಬಾರಿಗೆ ಉಪ್ಪು ಹೆಚ್ಚಾದದ್ದನ್ನು ಯಾರೂ ಕಂಡವರಿಲ್ಲ.

ಐದು ವರ್ಷದ ಹಿಂದೆ ಕಾರ್ಖಾನೆಯ ತಾರಸಿಯ ಮೇಲೆ ಹನ್ನೆರಡು ದೊಡ್ಡ ಡಿಶ್‌ಗಳನ್ನು ತಂದು ನಿಲ್ಲಿಸಿದರು. ಒಂದೊಂದರ ತುಂಬ ಸಣ್ಣ ಸಣ್ಣ ಕನ್ನಡಿ. ಕನ್ನಡಿಗಳೆಲ್ಲ ಬಿಸಿಲನ್ನು ಒಟ್ಟುಮಾಡಿ ಒಂದು ಕಬ್ಬಿಣದ ತಟ್ಟೆಯ ಮೇಲೆ ಬೀಳಿಸುತ್ತಿದ್ದವು. ಅದರ ಬೆನ್ನಿಗಿದ್ದ ನೀರು ಕುದಿದು ಹಬೆಯಾಗಿ ಕೊಳವೆಯಲ್ಲಿ ಕೆಳಗಿನ ಅಡುಗೆಮನೆಗೆ ಇಳಿಯುತ್ತಿತ್ತು. ದೇಶದ ಎಲ್ಲ ದೊಡ್ಡ ಅಡುಗೆಮನೆಗಳಿಗೂ ಇದು ಬರಬೇಕು ಎಂದು ಸರ್ಕಾರದವರು ಯೋಜನೆ ಹಾಕಿ ಹೊರಟಿದ್ದಾರಂತೆ, ಅದಕ್ಕೆ ಸಬ್ಸಿಡಿಯೂ ಸಿಗುತ್ತದಂತೆ ಎಂದು ಜನ ಮಾತಾಡಿಕೊಂಡರು. ಸೊಣ್ಣಮ್ಮ ನಂಬಿರಲಿಲ್ಲ. ಮೊದಲ ದಿನ ಇಪ್ಪತ್ತು ನಿಮಿಷಕ್ಕೆ ಅನ್ನ ಅರಳಿ ನಿಂತಾಗ ಮುಚ್ಚಳ ಎತ್ತಿ ಎರಡು ಸಲ ನೋಡಿದಳು. ಹೊಗೆಯಿಲ್ಲ, ಡೀಸೆಲ್ ವಾಸನೆಯಿಲ್ಲ, ಕಣ್ಣುರಿಯಿಲ್ಲ. ಅಂದಿನಿಂದ ಯಾರೂ ಹೇಳದೆಯೇ ಬೆಳಿಗ್ಗೆ ಏಳಕ್ಕೆ ತಾರಸಿ ಹತ್ತಿ ಒದ್ದೆ ಬಟ್ಟೆಯಲ್ಲಿ ಕನ್ನಡಿ ಒರೆಸತೊಡಗಿದಳು. ಡಿಶ್ ಹಾಕಿದ ಕಂಪನಿಯ ಫಿಟ್ಟರ್ ಭಾನುಪ್ರಕಾಶ್ ತಿಂಗಳಿಗೆರಡು ಸಲ ಬಂದು, ಅವು ಸೂರ್ಯನ ಜೊತೆ ಸರಿಯಾಗಿ ತಿರುಗುವಂತೆ ಗೇರು ಬಿಗಿಮಾಡಿ ಹೋಗುತ್ತಿದ್ದ. ಆ ಕೆಲಸವನ್ನು ಅರ್ಧಕ್ಕರ್ಧ ಅವಳೂ ಕಲಿತಳು.

ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಫ್ಯಾಕ್ಟರಿ ಮ್ಯಾನೇಜರ್ ಮಲ್ಲಿಕ್ ಭಾನುಪ್ರಕಾಶನನ್ನು ಬರಬೇಡ ಎಂದರು. ಬರಬೇಕಾದ ಸಬ್ಸಿಡಿ ಬಂದಾಗಿತ್ತು, ಇನ್ನು ರಿಪೇರಿಯ ಉಸಾಬರಿ ಯಾರಿಗೆ ಬೇಕಿತ್ತು? ಗೇರುಗಳಿಗೆ ತುಕ್ಕು ಹಿಡಿಯಿತು. ಡಿಶ್‌ಗಳು ಒಂದೊಂದು ಒಂದೊಂದು ದಿಕ್ಕಿಗೆ ಮುಖಮಾಡಿ ನಿಂತುಬಿಟ್ಟವು. ಪಕ್ಕದ ಶೆಡ್ಡಿನ ಗ್ರೈಂಡಿಂಗ್ ಧೂಳು ಕನ್ನಡಿಗಳ ಮೇಲೆ ಕೂತಿತು, ಅದರ ಮೇಲೆ ಪಾರಿವಾಳದ ಹಿಕ್ಕೆ, ಹಿಕ್ಕೆಯ ಮೇಲೆ ತಾರಸಿಗೆ ಬೀಡಿ ಸೇದಲು ಬರುವವರು ಉಗಿದ ಗುಟ್ಕಾ. ಕೆಳಗೆ ಡೀಸೆಲ್ ಬಾಯ್ಲರು ಮತ್ತೆ ಹೊತ್ತಿಕೊಂಡಿತು. ಸೊಣ್ಣಮ್ಮನಿಗೆ ತಾರಸಿ ಹತ್ತಲು ಮನಸ್ಸಾಗಲಿಲ್ಲ.

ಹೀಗಿರುವಾಗ ಒಂದು ಗುರುವಾರ ಮಲ್ಲಿಕ್ ಅವಳನ್ನು ಕರೆದು, ಮಂಗಳವಾರ ದೆಹಲಿಯಿಂದ ಯೋಜನೆಯ ತಂಡ ವಿಡಿಯೋ ತೆಗೆಯಲು ಬರುತ್ತದೆ, ಇಡೀ ದೇಶಕ್ಕೆ ಮಾದರಿಯೆಂದು ನಮ್ಮ ಅಡುಗೆಮನೆಯನ್ನು ಆರಿಸಿದ್ದಾರೆ ಎಂದರು. ಕ್ಯಾಮೆರಾಕ್ಕೆ ಕಾಣುವ ಮುಂದಿನ ಸಾಲಿನ ನಾಲ್ಕು ಡಿಶ್ ತೊಳೆದರೆ ಸಾಕು. ಬಾಯ್ಲರನ್ನು ಶಟರ್ ಎಳೆದು ಒಳಗೇ ಉರಿಸಿ, ಅದರ ಹಬೆಯನ್ನೇ ಬಿಸಿಲಿನ ಕೊಳವೆಗೆ ಬಿಡುವುದು. ಎಲ್ಲ ಅಡುಗೆ ಬಿಸಿಲಲ್ಲೇ ಆಗುತ್ತದೆಂದು ಹೊಸ ಸೀರೆ ಉಟ್ಟು ಹೇಳುವುದು ಅವಳ ಕೆಲಸ.

ಇನ್ನೂ ಐದು ದಿನ ಇದೆ, ಭಾನುಪ್ರಕಾಶ್ ಬಂದರೆ ನಾಲ್ಕನ್ನಾದರೂ ನಿಜವಾಗಿ ತಿರುಗಿಸಬಹುದಲ್ಲ ಎಂದು ಸೊಣ್ಣಮ್ಮ ಕೇಳಿದಳು.

"ಅದೆಲ್ಲ ಆಮೇಲೆ ನೋಡೋಣ ಸೊಣ್ಣಮ್ಮ. ಅವ್ರೇನು ಗೇರು ಬಿಚ್ಚಿ ನೋಡ್ತಾರಾ?" ಎಂದರು ಮಲ್ಲಿಕ್, ಫೋನಿನಿಂದ ಕಣ್ಣೆತ್ತದೆ.

ಸೋಮವಾರ ಅವಳೇ ತೊಳೆದಳು. ಮೂರನೇ ಡಿಶ್ಶಿನ ತಳದಲ್ಲಿ ಪಾರಿವಾಳವೊಂದು ಸತ್ತು ಹುಳ ಬಿದ್ದಿತ್ತು. ಅದನ್ನು ರಟ್ಟಿನಿಂದ ಎತ್ತಿಹಾಕಿ, ಒಣಗಿದ ಗುಟ್ಕಾ ಉಗುಳನ್ನು ಉಗುರಿನಿಂದ ಕೆರೆದಳು. ನಡುವೆ ಎರಡು ಸಲ ಕೆಲಸ ಬಿಟ್ಟು ಪ್ಯಾರಪೆಟ್ಟಿನ ಹತ್ತಿರ ಹೋಗಿ ನಿಂತಳು. ಕೊಳಕು ಎತ್ತುವುದು ಅವಳಿಗೆ ಹೊಸತಲ್ಲ. ಇಷ್ಟೆಲ್ಲ ಬಳಿದು ಕೊನೆಗೆ ಸುಳ್ಳಿಗೆ ಹೊಳಪು ಕೊಡುತ್ತಿದ್ದೇನಲ್ಲ ಎಂಬುದೇ ಅವಳಿಗೆ ಹೇಸಿಗೆ ತಂದಿತ್ತು. ತೊಳೆದ ಮೇಲೆ ಕನ್ನಡಿಗಳು ಚೆನ್ನಾಗಿ ಹೊಳೆದವು. ಆದರೆ ಅವುಗಳ ಬೆಳಕು ಕಬ್ಬಿಣದ ತಟ್ಟೆಯ ಮೇಲೆ ಬೀಳದೆ ನೀರಿನ ಟ್ಯಾಂಕಿನ ಮೇಲೆ ಬೀಳುತ್ತಿತ್ತು.

ಮಂಗಳವಾರ ಹತ್ತೂವರೆಗೆ ತಂಡ ಬಂತು. ಅದರ ಮುಖ್ಯಸ್ಥೆ ಹೇಮಲತಾ ಎಂಬಾಕೆ, ಕನ್ನಡದವಳೇ. ತಾರಸಿಯ ಮೇಲೆ, ತೊಳೆದ ಡಿಶ್‌ಗಳ ಮುಂದೆ ಕ್ಯಾಮೆರಾ ಆನ್ ಆಯಿತು. ಈ ಅಡುಗೆಮನೆ ಬಿಸಿಲಿನಿಂದ ಹೇಗೆ ಬದಲಾಯಿತು ಹೇಳಿ ಎಂದು ಆಕೆ ನಗುತ್ತ ಕೇಳಿದಳು. ಮಲ್ಲಿಕ್ ಪಕ್ಕದಲ್ಲಿ ತಲೆಯಾಡಿಸುತ್ತ ನಿಂತಿದ್ದರು.

ಸೊಣ್ಣಮ್ಮ ಬಾಯಿಪಾಠ ಮಾಡಿಸಿದ ಮಾತು ಆಡಲಿಲ್ಲ. ಸ್ಟೂಲ್ ಎಳೆದು ಹತ್ತಿ, ಕಬ್ಬಿಣದ ತಟ್ಟೆಯ ಮೇಲೆ ಅಂಗೈ ಅಗಲಿಸಿ ಒತ್ತಿಟ್ಟಳು. ಯಾರೋ ಹಿಂದಿನಿಂದ ಅಯ್ಯೋ ಅಂದರು. ಅವಳು ಕೈ ತೆಗೆಯಲಿಲ್ಲ.

"ಇದು ಕೆಲ್ಸ ಮಾಡ್ತಿದ್ರೆ ನನ್ ಕೈ ಇಷ್ಟೊತ್ಗೆ ಬೆಂದೋಗ್ಬೇಕಿತ್ತು ಮೇಡಂ. ನೀವೂ ಮುಟ್ಟಿ ನೋಡಿ. ಕೆಳಗಿರೋದು ಡೀಸೆಲ್ ಹಬೆ. ಇವು ತಿರುಗಿ ಎರಡು ವರ್ಸ ಆಯ್ತು."

ಹೇಮಲತಾ ಮುಟ್ಟಿದಳು. ಕ್ಯಾಮೆರಾದವನಿಗೆ ನಿಲ್ಲಿಸು ಎಂದು ಸನ್ನೆ ಮಾಡಿ, ಸೊಣ್ಣಮ್ಮನನ್ನು ಸ್ವಲ್ಪ ಆಚೆ ಕರೆದೊಯ್ದಳು. ಈಗ ಮಲ್ಲಿಕ್‌ಗೆ ಸರಿಯಾಗಿ ಬುದ್ಧಿ ಕಲಿಸುತ್ತಾರೆ ಎಂದುಕೊಂಡಳು ಸೊಣ್ಣಮ್ಮ.

"ಅಮ್ಮಾ, ಹತ್ತಿ ಬರುವಾಗ್ಲೇ ನನಗೆ ಗೊತ್ತಾಯ್ತು," ಎಂದಳು ಹೇಮಲತಾ ಮೆಲ್ಲಗೆ. "ನಾವು ನೋಡಿರೋ ಜಾಗದಲ್ಲಿ ಅರ್ಧ ಹೀಗೇ ಇವೆ. ಹಾಗಂತ ಬರೆದ್ರೆ ಯೋಜನೆನೇ ನಿಲ್ಲಿಸಿಬಿಡ್ತಾರೆ. ಒಂದು ಫೋಟೋ ಕೊಟ್ಬಿಡಿ, ಸಾಕು."

ಸೊಣ್ಣಮ್ಮ ಆಕೆಯ ಮುಖವನ್ನೇ ನೋಡಿದಳು. ಆಕೆ ಕೆಟ್ಟವಳಂತೆ ಕಾಣಲಿಲ್ಲ, ದಣಿದವಳಂತೆ ಕಂಡಳು. ಅದೇ ಇನ್ನೂ ಅಸಹ್ಯವಾಯಿತು. ಮಲ್ಲಿಕ್ ತಮ್ಮ ಲಾಭಕ್ಕೆ ಸುಳ್ಳು ಹೇಳಿದ್ದರು, ಈಕೆ ಒಳ್ಳೆಯದಕ್ಕೆಂದು ಹೇಳುತ್ತಿದ್ದಳು. ಎರಡಕ್ಕೂ ಒಂದೇ ನಾತ.

"ನನ್ ಮೊಕ ಬ್ಯಾಡ," ಎಂದು ಅವಳು ಕೆಳಗಿಳಿದು ಹೋದಳು. ನಲ್ಲಿಯ ಕೆಳಗೆ ಸೋಪು ಹಚ್ಚಿ ಮೊಣಕೈವರೆಗೂ ತೊಳೆದುಕೊಂಡು ಬಡಿಸಲು ನಿಂತಳು. ಏಳುನೂರು ಜನಕ್ಕೆ ಊಟದ ಹೊತ್ತಾಗಿತ್ತು.

ಫೋಟೋಕ್ಕೆ ತರಕಾರಿ ಹೆಚ್ಚುವ ಹೆಂಗಸೊಬ್ಬಳನ್ನು ನಿಲ್ಲಿಸಿದರು. ಮಾರನೆಯ ದಿನವೇ ಸೊಣ್ಣಮ್ಮನನ್ನು ತಟ್ಟೆ ತೊಳೆಯಲು ಹಾಕಿದರು. ಅವಳು ಒಂದು ವಾರ ತೊಳೆದು, ಮಲ್ಲಿಕ್‌ಗೆ ಹೇಳಿಯೇ ಕೆಲಸ ಬಿಟ್ಟಳು. ಕಾರ್ಖಾನೆಗೆ ಪ್ರಶಸ್ತಿ ಬಂತೆಂದು ಆಮೇಲೆ ಕೇಳಿದಳು.

ಈಗ ಅವಳು ಜಾಲಹಳ್ಳಿಯ ಒಂದು ಹಾಸ್ಟೆಲಿನಲ್ಲಿ ಗ್ಯಾಸಿನ ಮೇಲೆ ಅಡುಗೆ ಮಾಡುತ್ತಾಳೆ. ಹೋದ ತಿಂಗಳು ವಾರ್ಡನ್ ಸಿದ್ದಲಿಂಗಯ್ಯ, ಬಿಸಿಲಿನ ಡಿಶ್ ಹಾಕಿಸಿದರೆ ಹೇಗೆ, ಅದು ನಿಜವಾಗಿ ಬೇಯಿಸುತ್ತದೆಯೇ ಎಂದು ಅವಳನ್ನು ಕೇಳಿದರು.

"ಬೇಯಿಸ್ತದೆ ಸಾರ್, ನಾನೇ ಎರಡು ವರ್ಸ ಬೇಯ್ಸಿವ್ನಿ," ಎಂದಳು ಅವಳು. "ಆದ್ರೆ ಅದ್ನ ನೋಡ್ಕಳೋಕೆ ಒಬ್ಬ ಆಳ್ನ ಮೊದ್ಲು ಇಟ್ಕಳಿ. ಆಗಾಕಿಲ್ಲ ಅಂದ್ರೆ ಹಾಕ್ಲೇಬ್ಯಾಡಿ."

ಭಾನುಪ್ರಕಾಶನ ನಂಬರನ್ನೂ ಕೊಟ್ಟಳು. ಸಿದ್ದಲಿಂಗಯ್ಯ ಅದನ್ನು ಬರೆದುಕೊಂಡರು. ಮತ್ತೆ ಆ ಮಾತು ಎತ್ತಲಿಲ್ಲ.