ತುಟಿ ತೋರಿಸಿದ ದಾರಿ

ನನ್ನ ಅಣ್ಣ ಆಂಬ್ರೋಸ್ ಮಾತಿನಲ್ಲಿ ಮಹಾ ಜಿಪುಣ. ಒಂದು ಮಾತು ಆಡಿದರೆ ಒಂದು ಹಲ್ಲು ಉದುರುತ್ತದೇನೋ ಎಂಬಂತೆ ಬಾಯಿ ಮುಚ್ಚಿಕೊಂಡೇ ಅರವತ್ತು ದಾಟಿದ. ಮನೆಯ ಮಾತೆಲ್ಲ ನನ್ನ ಪಾಲಿಗೇ ಬಂತೆಂದು ನಮ್ಮಮ್ಮ ಹೇಳುತ್ತಿದ್ದಳು, ಅದರಲ್ಲಿ ಸುಳ್ಳೇನೂ ಇಲ್ಲ. ಏನನ್ನಾದರೂ ತೋರಿಸಬೇಕಾದರೆ ಅಣ್ಣ ತುಟಿ ಕೂಡಿಸಿ ಆ ಕಡೆಗೆ ಚಾಚುತ್ತಿದ್ದ, ಅಷ್ಟೇ. ನಮ್ಮ ಜನರೆಲ್ಲ ಹಾಗೆಯೇ. ಬೆರಳು ಚಾಚಿದರೆ ಜಗಳಕ್ಕೆ ಕರೆದ ಹಾಗೆ. ಉಪ್ಪು ಎಲ್ಲಿದೆ, ಗಂಡ ಎಲ್ಲಿ ಹೋದ, ಜಿಂಕೆ ಯಾವ ಕಡೆ ಓಡಿತು, ಎಲ್ಲಕ್ಕೂ ತುಟಿಯೇ ಸಾಕು. ಊರಿಗೆ ಹೊಸದಾಗಿ ಬಂದ ಪಾದ್ರಿಯೊಬ್ಬರು ಇಗರ್ಜಿಯ ದಾರಿ ಕೇಳಿದಾಗ ನಮ್ಮ ಚಿಕ್ಕಮ್ಮ ತುಟಿ ಚಾಚಿದ್ದಳು. ಮುತ್ತು ಕೊಡಲು ಬಂದಳೆಂದು ಹೆದರಿ ಅವರು ಎರಡು ಹೆಜ್ಜೆ ಹಿಂದೆ ಸರಿದಿದ್ದರಂತೆ.

ನಾವು ಸಸ್ಕಾಚವಾನಿನ ಉತ್ತರದವರು, ಜೊಂಡುಕೆರೆಯ ದಡದ ಮೆಟೀ ಜನ. ಅಜ್ಜಿಯರು ಈ ನೆಲದ ಮೂಲನಿವಾಸಿ ಕ್ರೀಗಳು, ಅಜ್ಜಂದಿರು ವಲಸೆ ಬಂದ ಫ್ರೆಂಚರು. ಹೀಗಾಗಿ ಹಟ ಎರಡೂ ಕಡೆಯಿಂದ ಬಂದಿದೆ. ಆಂಬ್ರೋಸನ ಮನೆ ಮತ್ತು ನಮ್ಮ ಮನೆಯ ನಡುವೆ ಒಂದು ಸೌದೆ ರಾಶಿ ಮಾತ್ರ ಅಡ್ಡ.

ಚಳಿಗಾಲ ಬಂತೆಂದರೆ ಅವನದು ತುಪ್ಪಳಕ್ಕಾಗಿ ಉರುಲು ಹಾಕುವ ಕೆಲಸ. ಪ್ರಾಣಿಗಳ ಮೈಗೆ ಕೂದಲು ತುಂಬಿಬಂದ ಮೇಲೆ ಉಕ್ಕಿನ ತಂತಿಯ ಉರುಲುಗಳನ್ನು ಸ್ಪ್ರೂಸ್ ಮರದ ತೊಗಟೆ ಹಾಕಿ ಕುದಿಸುತ್ತಿದ್ದ. ತಂತಿಯ ಹೊಳಪೂ ಹೋಗಬೇಕು, ಮನುಷ್ಯನ ವಾಸನೆಯೂ ಹೋಗಬೇಕು. ಆ ದಿನ ಅತ್ತಿಗೆ ವಿತಾಲಿನ್ ಮುನಿಸಿಕೊಂಡು ನಮ್ಮ ಮನೆಗೆ ಬಂದು ಕೂರುತ್ತಿದ್ದಳು.

"ಮದ್ವೆಯಾಗಿ ಬಂದಾಗಿಂದ ನನ್ನ ದೊಡ್ಡ ಪಾತ್ರೇಲಿ ಸಾರಿಗಿಂತ ತಂತೀನೇ ಜಾಸ್ತಿ ಬೆಂದಿದೆ ಕಣೇ ಅಡೆಲ್," ಎನ್ನುತ್ತಿದ್ದಳು.

"ಉಪ್ಪು ಖಾರ ಹಾಕಿ ಅದನ್ನೇ ಬಡಿಸು. ನಮ್ಮಣ್ಣ ಗೊತ್ತಾಗ್ದೆ ತಿಂತಾನೆ," ಎಂದು ನಾನು.

ನರಿಗಾದರೆ ಉರುಲು ಚಿಕ್ಕದು, ನೆಲಕ್ಕೆ ಹತ್ತಿರ. ಕಯೋಟಿಗೆ ದೊಡ್ಡದು, ಮೊಣಕಾಲಿನ ಎತ್ತರಕ್ಕೆ. ಕಯೋಟಿಯೆಂದರೆ ತೋಳನ ಬಡ ದಾಯಾದಿ. ನರಿಗಿಂತ ದೊಡ್ಡದು, ಕಳ್ಳತನದಲ್ಲಿ ಇಬ್ಬರಿಗೂ ಗುರು. ಆದರೆ ಎಷ್ಟೇ ಜಾಣತನವಿದ್ದರೂ ಒಮ್ಮೆ ನುಸುಳಿದ ಬೇಲಿಯ ಕಂಡಿಯಲ್ಲೇ ಮತ್ತೆ ನುಸುಳುತ್ತದೆ. ಅಣ್ಣ ಆ ಕಂಡಿಯಲ್ಲಿ ಕುಣಿಕೆ ತೂಗಿಬಿಟ್ಟು, ಬಂದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಹಿಂದಿರುಗುತ್ತಿದ್ದ. ಸಿಕ್ಕ ಪ್ರಾಣಿಯ ತಲೆ ಸವರಿ, ಅದರ ಪಕ್ಕ ಹಿಮದಲ್ಲಿ ಕಾಣಿಕೆಯಾಗಿ ಚಿಟಿಕೆ ಹೊಗೆಸೊಪ್ಪು ಇಟ್ಟು, ಆಮೇಲೆ ಎತ್ತಿಕೊಳ್ಳುತ್ತಿದ್ದ. ಇದೆಲ್ಲ ಕ್ರೂರ ಎಂದು ಪಟ್ಟಣದವರು ಹೇಳುತ್ತಾರೆ. ಹೇಳುವಾಗ ತಮ್ಮ ಕೋಟಿನ ತುಪ್ಪಳದ ಕಾಲರನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಲಿ.

ಅವನ ತುಟಿಗೆ ಊರಿನಲ್ಲಿ ಎಷ್ಟು ಬೆಲೆಯಿತ್ತೆಂದರೆ, ಯಾರದೇ ಕುದುರೆ ತಪ್ಪಿಸಿಕೊಂಡರೂ ಬಂದು ಅವನ ಮುಂದೆ ನಿಲ್ಲುತ್ತಿದ್ದರು. ಅವನು ಹಿಮವನ್ನು ನೋಡಿ, ಗಾಳಿಯನ್ನು ನೋಡಿ, ತುಟಿ ಚಾಚುತ್ತಿದ್ದ. ಹೋದವರು ಕುದುರೆ ಹಿಡಿದುಕೊಂಡೇ ಬರುತ್ತಿದ್ದರು. ಹೀಗೆ ಜೀವಮಾನವಿಡೀ ಆ ತುಟಿ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ.

ಆ ಜನವರಿಯಲ್ಲಿ ಮೂರು ಕಾಲಿನ ಕಯೋಟಿಯೊಂದು ವಿತಾಲಿನ್‌ಳ ಕೋಳಿಗಳ ಬೆನ್ನು ಹತ್ತಿತು. ಎಲ್ಲ ಉರುಲುಗಳ ಕಣ್ಣಿಗೂ ಮಣ್ಣೆರಚಿ ಬಂದು ಹೋಗುತ್ತಿತ್ತು. "ನಾಲ್ಕು ಕಾಲಿನವನ್ನ ಹಿಡಿಯೋ ದೊಡ್ಡ ಬೇಟೆಗಾರ, ಕುಂಟೀನ ಹಿಡಿಯೋಕಾಗ್ಲಿಲ್ಲವಲ್ಲ!" ಎಂದು ವಿತಾಲಿನ್ ಬೆಳಗ್ಗೆ ಬೆಳಗ್ಗೆಯೇ ಕೆಣಕಿದಳು. ಅಣ್ಣ ನಕ್ಕು, ಗೂಟದಿಂದ ಒಂದು ಉರುಲು ತೆಗೆದುಕೊಂಡು, ನಾಯಿಯನ್ನು ಕರೆದುಕೊಂಡು ಹೊರಟ. ಎಲ್ಲಿಗೆಂದು ಅವನು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಮಧ್ಯಾಹ್ನ ಹಿಂದಿರುಗುವಾಗ ಸೌದೆ ರಾಶಿಯ ಪಕ್ಕದಲ್ಲೇ ಬಿದ್ದ. ನಾಯಿ ಬೊಗಳಿದ್ದಕ್ಕೆ ನಾನು ಹೊರಗೆ ಓಡಿದೆ. ಬಲಭಾಗವೆಲ್ಲ ಲಕ್ವ ಹೊಡೆದು ಸತ್ತಂತಿತ್ತು, ಮಾತು ಹೋಗಿತ್ತು. ಅಂದು ಸಂಜೆಯೇ ಹಿಮ ಸುರಿದು ಅವನ ಹೆಜ್ಜೆಗಳನ್ನೂ ಮುಚ್ಚಿತು.

ಅವನು ಪಟ್ಟಣದ ಆಸ್ಪತ್ರೆಯಲ್ಲಿದ್ದಾಗ ನನ್ನ ಗಂಡ ಗಾಸ್ಪಾರ್ ಕೆರೆಯ ಸುತ್ತಲಿನ ಉರುಲುಗಳನ್ನೆಲ್ಲ ಬಿಚ್ಚಿ ತಂದ. ವಾರಸುದಾರನಿಲ್ಲದ ಉರುಲು ಕಾಡಿನಲ್ಲಿ ತೂಗಬಾರದು. ಎಲ್ಲವನ್ನೂ ತಂದೆನೆಂದೇ ಅವನು ತಿಳಿದುಕೊಂಡಿದ್ದ.

ನಾಯಿಯ ಹೆಸರು ಪಾದ್ರಿ. ಕಪ್ಪು ಮೈ, ಕತ್ತಿನಲ್ಲಿ ಬಿಳಿ ಪಟ್ಟಿ, ಸದಾ ಗಂಭೀರ ಮುಖ. ಬೇರೆ ಹೆಸರು ಒಪ್ಪುವಂತೆಯೇ ಇರಲಿಲ್ಲ. ಅಣ್ಣ ಆಸ್ಪತ್ರೆಯಲ್ಲಿದ್ದಷ್ಟು ದಿನ ವಿತಾಲಿನ್ ಅದನ್ನು ಕಟ್ಟಿ ಹಾಕಿದ್ದಳು. ಅವನನ್ನು ಮನೆಗೆ ತಂದು ಮಲಗಿಸಿದ ದಿನ ಬಿಚ್ಚಿದಳು. ಅದು ಒಳಗೆ ನುಗ್ಗಿ, ಮಂಚದ ಮೇಲೆ ಕಾಲಿಟ್ಟು, ಅವನ ಕೈ ಮೂಸಿತು, ಮುಖ ಮೂಸಿತು. ಅವನ ಮೈಯೆಲ್ಲ ಆಸ್ಪತ್ರೆಯ ಸಾಬೂನಿನ ವಾಸನೆ. ಕಯೋಟಿಯ ಕೊಬ್ಬಿಲ್ಲ, ಹೊಗೆಯಿಲ್ಲ, ಹೊಗೆಸೊಪ್ಪಿಲ್ಲ. ನಾಯಿ ಕೆಳಗಿಳಿದು ಬಾಗಿಲ ಬಳಿ ಹೋಗಿ ನಿಂತಿತು. ತನ್ನ ಯಜಮಾನ ಇವನಲ್ಲ ಎಂದುಕೊಂಡಿತೋ ಏನೋ. ಬಾಗಿಲು ತೆರೆದದ್ದೇ ತಡ, ಹೊರಟುಹೋಯಿತು. ಮರುದಿನವೂ ಬರಲಿಲ್ಲ.

ಅಣ್ಣನಿಗೆ ಹೇಳದೆ ಇರುವುದು ಹೇಗೆ? ಅವನ ಕಣ್ಣು ಬಾಗಿಲ ಬುಡದಲ್ಲೇ ಇರುತ್ತಿತ್ತು. "ಪಾದ್ರಿ ಕಾಣ್ತಿಲ್ಲ ಅಣ್ಣ. ನಿನ್ನ ಹುಡುಕ್ಕೊಂಡು ಹೋಗಿದೆ," ಎಂದೆ. ಅವನು ತಲೆ ಎತ್ತಲು ಹೆಣಗಿದ. ಗಂಟಲಿನಿಂದ ಒಂದು ಸದ್ದು ಬಂತು. ಆಮೇಲೆ ತುಟಿ ಚಾಚಿದ. ಎಡಕ್ಕೆ.

ಎಡಕ್ಕೆಂದರೆ ಕೆರೆ.

"ಅಂದ್ರೆ ಇನ್ನೊಂದು ಉರುಲು ಅಲ್ಲೇ ಉಳಿದಿದೆ," ಎಂದ ಗಾಸ್ಪಾರ್. "ಅವತ್ತು ಬೆಳಗ್ಗೆ ಕುಂಟಿಗೆ ಅಂತ ಹಾಕಿದ್ದು. ನಾಯಿ ಅದ್ರಲ್ಲೇ ಸಿಕ್ಕೊಂಡಿರ್ಬೇಕು."

ನಾನು ಹೆದರಿ ಕೋಟಿಗೆ ಕೈ ಹಾಕಿದೆ. ವಿತಾಲಿನ್ ಮಾತ್ರ ಹೆದರಲಿಲ್ಲ. "ಸಿಕ್ಕೊಂಡ್ರೂ ಸಾಯಲ್ಲ. ಮರಿಯಾಗಿದ್ದಾಗ್ಲೇ ಇವ್ರು ಅದನ್ನ ತಂತೀಲಿ ಕಟ್ಟಿ ಕಲಿಸಿದಾರೆ. ಎಳೆದ್ರೆ ಬಿಗಿಯುತ್ತೆ, ನಿಂತ್ರೆ ಬಿಗಿಯಲ್ಲ. ನಿಂತಿದ್ರೆ ಇವ್ರೇ ಬಂದು ಬಿಡಿಸ್ತಾರೆ ಅಂತ ಅದಕ್ಕೆ ಗೊತ್ತು. ಹೋದ್ವರ್ಷ ಆಚೆ ಹಳ್ಳಿಯೋನ ಉರುಲಲ್ಲಿ ರಾತ್ರಿಯೆಲ್ಲ ನಿಂತಿರ್ಲಿಲ್ವಾ? ಹೋಗಿ, ನಿಂತ್ಕೊಂಡಿರುತ್ತೆ, ಕರ್ಕೊಂಡು ಬನ್ನಿ."

ಗಾಸ್ಪಾರ್ ಹಿಮದ ಮೇಲೆ ಓಡುವ ಯಂತ್ರ, ಸ್ನೋಮೊಬೈಲ್ ಹತ್ತಿದ. ನಾನು ಕಾಲು ಹೂತುಹೋಗದಂತೆ ಅಗಲದ ಹಿಮಪಾದುಕೆ ಕಟ್ಟಿಕೊಂಡು ಜೊಂಡಿನ ಅಂಚು ಹಿಡಿದೆ. ಕೂಗಿ ಕೂಗಿ ಗಂಟಲು ಕಟ್ಟಿತು. ಉರುಲಿನಲ್ಲಿ ಅಲುಗದೆ ನಿಲ್ಲಲು ಕಲಿತ ನಾಯಿ ಬೊಗಳುವುದಿಲ್ಲವೆಂದು ಗೊತ್ತಿದ್ದರೂ ಕೂಗಿದೆ. ಕತ್ತಲಾಗುವಾಗ ಬರಿಗೈಯಲ್ಲಿ ಬಂದೆವು. ಅಣ್ಣ ನಮ್ಮ ಮುಖ ನೋಡಿ ಮತ್ತೆ ತುಟಿ ಚಾಚಿದ. ಮತ್ತೆ ಎಡಕ್ಕೆ. ಈ ಸಲ ಇನ್ನೂ ಜೋರಾಗಿ, ಕತ್ತಿನ ನರ ಉಬ್ಬುವಂತೆ.

"ದ್ವೀಪದ ಆಚೆ ಇರ್ಬೇಕು," ಎಂದ ಗಾಸ್ಪಾರ್.

ಮರುದಿನ ದ್ವೀಪದ ಆಚೆ. ಅದರ ಮರುದಿನ ಬೀವರ್ ಪ್ರಾಣಿಗಳು ತೊರೆಗೆ ಕಟ್ಟಿದ ಕಟ್ಟೆಯ ಹಿಂದೆ. ಬೇರೆ ದಿಕ್ಕಿನಲ್ಲಿ ಹುಡುಕಬಹುದಿತ್ತಲ್ಲ ಎಂದು ಕೇಳಬಹುದು. ಆಂಬ್ರೋಸ್ ತೋರಿಸಿದ ಮೇಲೆ ಬೇರೆ ಕಡೆ ಹುಡುಕುವುದು ನಮ್ಮ ಊರಿನಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ. ಎಡಗೈ ನೆಟ್ಟಗಿತ್ತಲ್ಲ ಎಂದೂ ಕೇಳಬಹುದು. ಆ ಕೈ ಏಳುತ್ತಿತ್ತು, ಅರ್ಧದಲ್ಲಿ ತಾನು ಯಾಕೆ ಎದ್ದೆನೆಂದೇ ಮರೆತು ಕಂಬಳಿಯ ಮೇಲೆ ಬಿದ್ದು ಅದರ ಎಳೆ ಕೀಳುತ್ತ ಕೂರುತ್ತಿತ್ತು. ಪ್ರತಿ ಸಂಜೆ ನಾವು ಬರಿಗೈಯಲ್ಲಿ ಬಂದಾಗ ಅಣ್ಣ ಅಳುತ್ತಿದ್ದ. ಲಕ್ವ ಹೊಡೆದವರು ಕಾರಣವಿಲ್ಲದೆ ಅಳುತ್ತಾರೆಂದು ಆಸ್ಪತ್ರೆಯ ನರ್ಸ್ ಹೇಳಿ ಕಳಿಸಿದ್ದಳು. ನಾವು ಅದನ್ನೇ ನಂಬಿ ಅವನ ಕಣ್ಣೊರೆಸುತ್ತಿದ್ದೆವು.

ಈ ನಡುವೆ ವಿತಾಲಿನ್‌ಗೆ ಒಂದು ಸಂತೋಷ. ಮಂಚದ ಎಡಕ್ಕೆ ಗೋಡೆ, ಗೋಡೆಯ ಮೇಲೆ ಮರಿಯಮ್ಮನ ಚಿತ್ರ, ಅದರ ಮೊಳೆಯಲ್ಲಿ ಜಪಸರ. ಅಣ್ಣ ಮೇಲಿಂದ ಮೇಲೆ ಅತ್ತ ತುಟಿ ಚಾಚುತ್ತಿದ್ದ. ಕ್ರಿಸ್‌ಮಸ್‌ಗೆ ಬಿಟ್ಟರೆ ಇಗರ್ಜಿಯ ಮೆಟ್ಟಿಲು ಹತ್ತದ ಮನುಷ್ಯ ಈಗ ಜಪಸರ ಕೇಳುತ್ತಿದ್ದಾನೆಂದು ಅವಳು ಕಣ್ತುಂಬಿಕೊಂಡು ಅದನ್ನು ತೆಗೆದು ಅವನ ಕೈಗೆ ಕೊಡುತ್ತಿದ್ದಳು. ಅವನು ಅದನ್ನು ಬಿಟ್ಟುಬಿಡುತ್ತಿದ್ದ. ಅವಳು ಮತ್ತೆ ಕೊಡುತ್ತಿದ್ದಳು.

"ಕೊನೆಗೂ ದೇವರು ಇವ್ರ ಬಾಗಿಲು ತಟ್ಟಿದ ನೋಡು ಅಡೆಲ್," ಎಂದಳು, ನಾಲ್ಕನೆಯ ದಿನ ಬೆಳಗ್ಗೆ.

"ತಟ್ಟಿದ್ರೆ ಒಳಗೆ ಬಂದು ಟೀ ಕುಡಿದು ಹೋಗ್ಲಿ," ಎಂದೆ ನಾನು. ಅಷ್ಟು ದಿನದ ದಣಿವಿಗೆ ನನ್ನ ನಾಲಿಗೆಯೂ ಕಹಿಯಾಗಿತ್ತು.

ಹೇಳುತ್ತಲೇ ಟೀ ಬಗ್ಗಿಸಿ, ಬಟ್ಟಲನ್ನು ಮಂಚದ ಬಲಬದಿಯ ಸ್ಟೂಲಿನ ಮೇಲೆ ಆರಲು ಇಟ್ಟೆ. ಅಣ್ಣನ ಮೂಗು ಅರಳಿತು. ಟೀ ಎಂದರೆ ಅವನಿಗೆ ಪ್ರಾಣ. ಅವನು ತುಟಿ ಚಾಚಿದ. ಗೋಡೆಯ ಕಡೆಗೆ.

ವಿತಾಲಿನ್ ಜಪಸರಕ್ಕೆ ಕೈ ಹಾಕಿದಳು. ನಾನು ಅವಳ ಕೈ ಹಿಡಿದೆ.

ಬಟ್ಟಲು ಬಲಕ್ಕಿದೆ. ಅವನ ತುಟಿ ಎಡಕ್ಕೆ ಹೋಗುತ್ತಿದೆ. ಮೊದಲ ಸಲ ನಾನು ನನ್ನ ಅಣ್ಣನ ಮುಖವನ್ನು ಸರಿಯಾಗಿ ನೋಡಿದೆ. ಬಲಗೆನ್ನೆ ಜೋತುಬಿದ್ದಿತ್ತು. ಆ ಬದಿಯ ತುಟಿ ಅಲುಗುತ್ತಲೇ ಇರಲಿಲ್ಲ. ಅವನು ಯಾವ ಕಡೆಗೆ ಚಾಚಿದರೂ ಜೀವವಿದ್ದ ಅರ್ಧ ಬಾಯಿ ಎಲ್ಲವನ್ನೂ ಎಡಕ್ಕೆ ಎಳೆದುಕೊಳ್ಳುತ್ತಿತ್ತು.

ಟೀ ಬಟ್ಟಲನ್ನು ಅವನ ಬಾಯಿಗೆ ಹಿಡಿದೆ. ಗಟಗಟ ಕುಡಿದ. ಎಷ್ಟು ದಿನದಿಂದ ಕೇಳುತ್ತಿದ್ದನೋ, ನಾವು ಜಪಸರ ಕೊಡುತ್ತಿದ್ದೆವು.

"ಅಣ್ಣ, ಕೆರೆ ಅಲ್ಲ ಅಲ್ವಾ?" ಎಂದೆ. ಅವನು ಹೌದೆಂಬಂತೆ ಕಣ್ಣು ಮುಚ್ಚಿದ. "ಬಲಕ್ಕಾ? ಹಳೇ ಗರಗಸದ ಮಿಲ್ಲಿನ ಹತ್ರಾನಾ?"

ಅವನು ಕಣ್ಣು ತೆರೆದು ನನ್ನನ್ನು ನೋಡಿದ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ.

ಗಾಸ್ಪಾರ್ ಯಂತ್ರ ಶುರು ಮಾಡುವವರೆಗೆ ನನಗೆ ತಾಳ್ಮೆಯಿರಲಿಲ್ಲ. ನಡೆದೇ ಹೋದೆ. ಮಿಲ್ಲು ದೂರವೇನಲ್ಲ, ದಿಬ್ಬದ ಆಚೆ. ಮರದ ಹೊಟ್ಟಿನ ಹಳೆಯ ಗುಡ್ಡೆ, ಅದರ ಹಿಂದೆ ಮುರಿದ ಬೇಲಿ, ಬೇಲಿಯಲ್ಲಿ ಒಂದು ಕಂಡಿ. ಪಾದ್ರಿ ಅಲ್ಲೇ ಇತ್ತು. ಮುಂಗಾಲುಗಳ ಮೇಲೆ ತಲೆಯಿಟ್ಟು, ಹಳ್ಳಿಯ ದಾರಿಗೆ ಮುಖ ಮಾಡಿ ಮಲಗಿತ್ತು. ಕರೆದೆ. ಕಿವಿ ಅಲುಗಲಿಲ್ಲ. ಕೈಗವಸು ತೆಗೆದು ಮುಟ್ಟಿದೆ, ಮೈ ಕಟ್ಟಿಗೆಯಾಗಿತ್ತು.

ಅದು ಎಳೆದಿರಲಿಲ್ಲ. ಹಿಮದಲ್ಲಿ ಒದ್ದಾಟದ ಗುರುತಿರಲಿಲ್ಲ. ಬೇಲಿಯ ಕಂಬದ ಮೇಲೆ ತಂತಿ ಉಜ್ಜಿದ ಗೀರಿರಲಿಲ್ಲ. ಕತ್ತಿನ ಕುಣಿಕೆಯೊಳಗೆ ನನ್ನ ಎರಡು ಬೆರಳು ಸಲೀಸಾಗಿ ಹೋದವು. ಬಾಯಿಗೆ ಎಟುಕುವಷ್ಟು ದೂರದ ಹಿಮವನ್ನೆಲ್ಲ ನೆಕ್ಕಿ ತಿಂದಿತ್ತು. ಕೂತು, ಎದ್ದು, ಮತ್ತೆ ಕೂತು ಹಿಮ ಕರಗಿದ ಜಾಗ ಮಂಜುಗಡ್ಡೆಯಾಗಿ ನುಣ್ಣಗಾಗಿತ್ತು. ಉರುಲು ಅದನ್ನು ಕೊಂದಿರಲಿಲ್ಲ, ಚಳಿ ಕೊಂದಿತ್ತು. ಅವನು ಕಲಿಸಿದ್ದನ್ನು ಒಂದಿಷ್ಟೂ ತಪ್ಪದೆ ಮಾಡಿ, ಅವನು ಬರುತ್ತಾನೆಂದು ಕಾದಿತ್ತು. ನಾನು ಆ ಮಂಜುಗಡ್ಡೆಯ ಮೇಲೇ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಗಾಸ್ಪಾರ್ ಬಂದು ತಂತಿ ಬಿಚ್ಚಿದ. ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ನಮ್ಮ ಕೊಟ್ಟಿಗೆಗೆ ತಂದೆವು. ವಿತಾಲಿನ್ ಅಲ್ಲಿಗೆ ಓಡಿ ಬಂದಳು. ಕಂಬಳಿಯ ಅಂಚು ಎತ್ತಿ ನೋಡಿ, ಮತ್ತೆ ಮುಚ್ಚಿದಳು.

"ಅವ್ರಿಗೆ ಹೇಳ್ಬೇಡ. ಆಚೆ ಹಳ್ಳಿ ನಾಯಿಗಳ ಜೊತೆ ತಿರುಗ್ತಿದೆ, ಸುಖವಾಗಿದೆ ಅಂದ್ಬಿಡು," ಎಂದಳು.

"ಹಿಮದ ಮೇಲೆ ಇಲಿ ಓಡಿದ್ದನ್ನ ಓದೋನು ಕಣೇ ಅವ್ನು. ನನ್ನ ಮುಖ ಓದೋಕೆ ಎಷ್ಟೊತ್ತು?"

"ಹಾಗಾದ್ರೆ ನೀನೇ ಹೇಳು. ನನ್ ಕೈಲಾಗಲ್ಲ."

ಒಳಗೆ ಹೋದೆ. ಅಣ್ಣ ಬಾಗಿಲನ್ನೇ ನೋಡುತ್ತಿದ್ದ. ಮೊದಲು ನನ್ನ ಕಾಲ ಬಳಿ ನೋಡಿದ, ಪಾದ್ರಿ ಹಿಂದೆ ಬರುತ್ತಿದೆಯೇ ಎಂದು. ಆಮೇಲೆ ನನ್ನ ಮುಖ ನೋಡಿದ. ನಾನು ಮಂಚದ ಅಂಚಿನಲ್ಲಿ ಕೂತೆ.

"ಎಳೀಲಿಲ್ಲ ಅಣ್ಣ," ಎಂದೆ. "ಕೊನೇವರ್ಗೂ ಎಳೀಲಿಲ್ಲ. ನೀನು ಹೇಳ್ಕೊಟ್ಟ ಹಾಗೇ ಇತ್ತು. ನಾವೇ ತಡವಾಗಿ ಹೋದ್ವಿ."

ಅವನು ಅಳಲಿಲ್ಲ. ಅಷ್ಟು ದಿನ ಅವನ ಮಾತನ್ನೇ ಕೇಳದ ಎಡಗೈ ಕಂಬಳಿಯಿಂದ ಎದ್ದಿತು. ಈ ಸಲ ಅರ್ಧದಲ್ಲಿ ಬೀಳಲಿಲ್ಲ. ನೇರವಾಗಿ ಬಂದು ಅವನ ಬಾಯಿಗೆ ಹೊಡೆಯಿತು. ಮತ್ತೆ ಎದ್ದು ಮತ್ತೆ ಹೊಡೆಯಿತು. ತುಟಿ ಒಡೆದು ರಕ್ತ ಬಂದರೂ ಬಿಡಲಿಲ್ಲ. ನಾನು ಚೀರಿದ್ದಕ್ಕೆ ವಿತಾಲಿನ್ ಓಡಿ ಬಂದಳು. ಇಬ್ಬರೂ ಸೇರಿ ಆ ಕೈಯನ್ನು ಒತ್ತಿ ಹಿಡಿಯಬೇಕಾಯಿತು.

ಕೆರೆಯ ಮಂಜು ಒಡೆದು ಬಾತುಗಳು ಬರುವವರೆಗೆ ಅವನು ಬದುಕಿದ್ದ. ಅಷ್ಟೂ ದಿನ ತುಟಿಯಿಂದ ಏನನ್ನೂ ತೋರಿಸಲಿಲ್ಲ. "ತೋರ್ಸು ಅಣ್ಣ, ಈಗ ನಂಗೆ ಅರ್ಥವಾಗುತ್ತೆ," ಎಂದು ಎಷ್ಟು ಬೇಡಿಕೊಂಡರೂ ಬಾಯಿ ಬಿಗಿಹಿಡಿದು ಮಲಗಿರುತ್ತಿದ್ದ. ಬಾಯಾರಿಕೆಯಾದರೂ ಕೇಳುತ್ತಿರಲಿಲ್ಲ, ನಾವಾಗಿ ಟೀ ತಂದು ಹಿಡಿಯುವವರೆಗೆ ಸುಮ್ಮನಿರುತ್ತಿದ್ದ.